ದುಂಡಗೆ ಬರೆದ ಹೆಸರುಗಳು

ಕೆರೆಬಿಳಚಿಯ ಷಣ್ಮುಖಪ್ಪನವರಿಗೆ ಶಿವನ ಮೇಲೆ ಎಷ್ಟು ಭಕ್ತಿಯೋ, ಒಂದು ಕಾಲದಲ್ಲಿ ಮಫ್ತಿ ಪೊಲೀಸನೊಬ್ಬ ತಮ್ಮ ಬೆನ್ನಿಗೆ ಬಿದ್ದಿದ್ದ ಎಂಬುದರ ಮೇಲೆ ಅಷ್ಟೇ ಅಭಿಮಾನ. ಅವು ರೈತ ಹೋರಾಟದ ದಿನಗಳು. ಎದುರಿನ ಬೇವಿನ ಮರದಡಿ ಅವನು ಬೆಳಗಿನಿಂದ ಕೂತು, ಇವರ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಬರೆದುಕೊಳ್ಳುತ್ತಿದ್ದ. ಮಧ್ಯಾಹ್ನ ಹೆಂಡತಿ ಶಾಂತಾದೇವಿ ಅವನಿಗೂ ರೊಟ್ಟಿ ಹಾಕುತ್ತಿದ್ದರು. ಉಂಡು, ಕೈತೊಳೆದು, ಅವನು ಮತ್ತೆ ಬರೆಯಲು ಕೂರುತ್ತಿದ್ದ. "ಸರ್ಕಾರ ನನ್ನ ಕಂಡ್ರೆ ಹೆದರ್ತೈತೆ" ಎಂದು ಷಣ್ಮುಖಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಈಗ ಊರ ಗೋಮಾಳಕ್ಕೆ ಬೇಲಿ ಬೀಳುವ ಸುದ್ದಿ. ದನ ಮೇಯುವ ನೆಲವನ್ನು ಯಾವುದೋ ಕಂಪನಿಗೆ ಕೊಡುತ್ತಾರಂತೆ ಎಂದಾಗ ಊರವರು ಸಮಿತಿ ಕಟ್ಟಿದರು. ಅಧ್ಯಕ್ಷರು ಷಣ್ಮುಖಪ್ಪನವರೇ. ಆದರೆ ಅರ್ಜಿ ಬರೆಯುವವಳು, ಚನ್ನಗಿರಿಯ ಕಚೇರಿಗಳಿಗೆ ಅಲೆಯುವವಳು, ಮನೆ ಮನೆಗೆ ಹೋಗಿ ಹೆಂಗಸರನ್ನು ಹೊರಡಿಸುವವಳು ಸಂಧ್ಯಾರಾಣಿ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟ ಹೆಣ್ಣುಮಗಳು. ಈ ಸಲ ಮಫ್ತಿಯಲ್ಲಿ ಬಂದ ಪೊಲೀಸು ಸತೀಶ್ ಕುಮಾರ್ ಬೈಕು ನಿಲ್ಲಿಸಿದ್ದೂ ಅವಳ ಅಂಗಡಿಯ ಎದುರಿಗೇ.

ಷಣ್ಮುಖಪ್ಪ ಮೊದಲ ದಿನ ನಕ್ಕರು. ಎರಡನೆಯ ದಿನ ಕೆಲಸವಿಲ್ಲದಿದ್ದರೂ ಆ ದಾರಿಯಲ್ಲಿ ಎರಡು ಸಲ ನಡೆದರು. ಮೂರನೆಯ ದಿನ ಅವನೆದುರಿಗೇ ನಿಂತು ಕೆಮ್ಮಿದರು. ಅವನು ತಲೆ ಎತ್ತಲಿಲ್ಲ.

"ಮನೆ ಮುಂದೆ ಪೊಲೀಸು ಇಲ್ಲ ಅಂತ ಮುಖ ಊದಿಸ್ಕೊಂಡು ಕೂತೋರನ್ನ ನಾನಂತೂ ನೋಡಿರಲಿಲ್ಲ ಕಣ್ರೀ" ಎಂದು ಶಾಂತಾದೇವಿ ನಕ್ಕರು. ಷಣ್ಮುಖಪ್ಪ ಪೂಜೆಗೆ ಕೂತರು. ಕಣ್ಣು ಮುಚ್ಚಿದರೆ ಲಿಂಗದ ಬದಲು ಜೆರಾಕ್ಸ್ ಅಂಗಡಿಯೇ ಕಾಣುತ್ತಿತ್ತು.

ನಾಲ್ಕನೆಯ ದಿನ ಅವರೇ ಸತೀಶನನ್ನು ಚಹಾಕ್ಕೆ ಕರೆದರು.

"ನಮ್ಮ ಕಡೆ ನೀವು ಬರೋದೇ ಇಲ್ವಲ್ರೀ?"

"ನಿಮ್ಮ ಹೆಸರು ಪಟ್ಟಿಯಿಂದ ತೆಗೆದು ಆರು ವರ್ಷ ಆತು ಯಜಮಾನ್ರೇ. ವಯಸ್ಸಾತು ಅಂತ ಬಿಟ್ಟಿರಬೇಕು. ಈಗೆಲ್ಲ ಆ ಸಂಧ್ಯಾರಾಣಿದೇ ಅಲ್ವಾ?"

ಷಣ್ಮುಖಪ್ಪ ಲೋಟ ಕೆಳಗಿಟ್ಟರು. "ಅವಳೇನು ಮಾಡ್ತಾಳೆ? ನಾನು ಹೇಳಿದ್ದು ಬರೀತಾಳೆ ಅಷ್ಟೇ. ಸೋಮವಾರ ದನ ಹೊಡ್ಕೊಂಡು ತಾಲ್ಲೂಕು ಕಚೇರಿಗೆ ಹೋಗಬೇಕು ಅಂತ ಅಂದೋನು ಯಾರು? ನಾನು! ಮುಂದೆ ಕರಿಯಕ್ಕನ ಹಸ ಇರಬೇಕು ಅಂತ ಅಂದೋನು ಯಾರು?"

ಸತೀಶನ ಪೆನ್ನು ಹಾಳೆಯ ಮೇಲೆ ಓಡಿತು. ಎಷ್ಟು ವರ್ಷಗಳ ಮೇಲೆ ತಮ್ಮ ಮಾತಿಗೆ ಓಡಿದ ಪೆನ್ನು! ಷಣ್ಮುಖಪ್ಪನವರಿಗೆ ಎದೆ ತಂಪಾಯಿತು. ಇನ್ನೊಂದು ಚಹಾ ಹೇಳಿದರು.

ಮರುದಿನ ಇಬ್ಬರು ಪೊಲೀಸರು ಕರಿಯಕ್ಕನ ಗುಡಿಸಲಿಗೆ ಹೋದರು. ಸೋಮವಾರ ಮನೆ ಬಿಟ್ಟು ಹೊರಟರೆ ಕೇಸು ಎಂದು ಹೆದರಿಸಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ಹಸುವಿನ ಮೇಲೆ ಬದುಕುವ ಮುದುಕಿ. ಅಂದೆಲ್ಲ ಅವಳ ಒಲೆ ಹೊತ್ತಲಿಲ್ಲ.

ಸಂಜೆ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಸಮಿತಿ ಕೂತಿತು. ಪೊಲೀಸರು ಫೋನು ಕದ್ದು ಕೇಳುತ್ತಾರೇನೋ ಎಂದು ಎಲ್ಲರ ಫೋನುಗಳೂ ಗುಡಿಯ ಒಳಗೆ ಹೋಗಿದ್ದವು. ಆದರೆ ಕರಿಯಕ್ಕನ ಹೆಸರು ಠಾಣೆಗೆ ಮುಟ್ಟಿಸಿದ್ದು ಯಾರು ಎಂದು ಕಣ್ಣುಗಳೆಲ್ಲ ಪಾಪಣ್ಣನ ಮೇಲೆ. ಅವನ ಭಾವಮೈದುನ ಠಾಣೆಯಲ್ಲಿ ಜೀಪು ಓಡಿಸುತ್ತಾನೆ.

"ನಿನ್ನ ಬಿಟ್ರೆ ಇನ್ಯಾರು ಹೇಳ್ತಾರಲೇ?" ಎಂದರು ಒಬ್ಬರು.

"ನಾ ಹೇಳಿದ್ರೆ ನನ್ನ ದನ ಸಾಯ್ಲಿ!" ಪಾಪಣ್ಣನ ಕಣ್ಣಲ್ಲಿ ನೀರು.

ಸಮಿತಿಗೊಂದು ಪದ್ಧತಿ ಇತ್ತು. ಸಭೆಯ ಮೊದಲು ವಿಭೂತಿಯ ತಟ್ಟೆ ಸುತ್ತುತ್ತದೆ. ಹಣೆಗೆ ಹಚ್ಚಿಕೊಂಡವರು ಆ ವಾರ ಹೋರಾಟಕ್ಕಾಗಿ ಏನು ಮಾಡಿದೆ ಎಂದು ಹೇಳಬೇಕು. ವಿಭೂತಿ ಮುಟ್ಟಿ ಸುಳ್ಳು ಆಡುವಂತಿಲ್ಲ. ಇದನ್ನು ತಂದವರು ಷಣ್ಮುಖಪ್ಪನವರೇ. ತಟ್ಟೆ ಅವರ ಮುಂದೆ ಬಂತು. ಸುಮ್ಮನೆ ದಾಟಿಸಿದರೆ ಪಾಪಣ್ಣ ಹೊರಗೆ, ತಾವು ಅಧ್ಯಕ್ಷರು. ಶಿವನಂತೂ ನೋಡುತ್ತಿದ್ದ.

"ಪಾಪಣ್ಣ ಅಲ್ಲ. ನಾನು" ಎಂದರು. "ಆ ಪೊಲೀಸು ಈ ಸಂಧ್ಯಾರಾಣಿನೇ ನೋಡ್ತಾನೆ, ನನ್ನ ನೋಡಂಗಿಲ್ಲ ಅಂತ... ಹೊಟ್ಟೆ ಉರೀತು."

ಕರಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಅಯ್ಯೋ ನನ್ನಪ್ಪನೇ, ನನ್ನ ಮನೆಗೆ ಬಂದಿದ್ರಲ್ಲ ಇಬ್ಬರು, ಕರ್ಕೊಂಡು ಹೋಗಿ ನಿನ್ನ ಜಗಲಿ ಮೇಲೆ ಕೂರಿಸ್ಕೋಬಾರದಾಗಿತ್ತಾ!" ಎಂದಳು. ಯಾರೋ ಕಿಸಕ್ಕೆಂದರು. ಷಣ್ಮುಖಪ್ಪ ತಲೆ ತಗ್ಗಿಸಿದರು.

ಸಂಧ್ಯಾರಾಣಿ ನಗಲಿಲ್ಲ. "ದೊಡ್ಡಪ್ಪ, ನಾವು ದನ ಹೊಡ್ಕೊಂಡು ಹೋಗೋದು ಗುಟ್ಟಲ್ಲ. ನಾಳೆ ನಾನೇ ಅಂಗಡಿ ಮುಂದೆ ಬೋರ್ಡಲ್ಲಿ ಬರೀತೀನಿ, ದಿನ, ದಾರಿ, ಹೊತ್ತು ಎಲ್ಲ. ಗುಟ್ಟು ಅಂದ್ರೆ ಮುಂದೆ ಯಾರು ನಿಲ್ತಾರೆ ಅನ್ನೋದು. ಒಬ್ಬರ ಹೆಸರು ಸಿಕ್ಕಿದ್ರೆ ಅವರನ್ನೇ ಹಿಡೀತಾರೆ. ಅದಕ್ಕೆ ಮುಂದೆ ಅನ್ನೋದೇ ಇರಬಾರದು." ತಟ್ಟೆಯ ವಿಭೂತಿಯನ್ನು ಎಲೆಗೆ ಸುರಿದು, ತಟ್ಟೆಯನ್ನು ಹಾಳೆಯ ಮೇಲೆ ಕವುಚಿ ಅವರ ಕೈಗೆ ಪೆನ್ನು ಕೊಟ್ಟಳು. "ಸುತ್ತ ಗೆರೆ ಎಳೀರಿ."

ಷಣ್ಮುಖಪ್ಪ ಗೆರೆ ಎಳೆದರು. ಆ ದುಂಡು ಗೆರೆಯ ಸುತ್ತ ಅರವತ್ತೆರಡು ಮನೆಯವರು ಹೆಸರು ಬರೆದರು, ಹೆಬ್ಬೆಟ್ಟು ಒತ್ತಿದರು. ಮೊದಲಿಲ್ಲ, ಕೊನೆಯಿಲ್ಲ. ಕೆಳಗೆ ಒಂದೇ ಸಾಲು: ಕರಿಯಕ್ಕನ ಮೇಲೆ ಕೇಸು ಹಾಕುವುದಾದರೆ ಎಲ್ಲರ ಮೇಲೂ ಹಾಕಿ. ಅಧ್ಯಕ್ಷರ ಕುರ್ಚಿ ಬೇಡವೆಂದು ಷಣ್ಮುಖಪ್ಪ ಹೇಳಿದರು. ಬಿಡಬೇಡಿ ಎಂದು ಯಾರೂ ಅನ್ನಲಿಲ್ಲ. ಅದೂ ಚುಚ್ಚಿತು.

ಸೋಮವಾರ ಬೆಳಗ್ಗೆ ದನಗಳು ಹೊರಟಾಗ ಸತೀಶ್ ಕುಮಾರ್ ಠಾಣೆಗೆ ಕೊಟ್ಟಿದ್ದ ಆ ಹಾಳೆಯ ಜೆರಾಕ್ಸನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡುತ್ತಿದ್ದ. ಷಣ್ಮುಖಪ್ಪನವರನ್ನು ಕಂಡು ಓಡಿ ಬಂದ.

"ಯಜಮಾನ್ರೇ, ನೀವು ಹಳೇ ಹುಲಿ. ಮೊದ್ಲು ಹೆಸರು ಬರೆದಿದ್ದು ಯಾರು? ನೀವೇ ಇರಬೇಕು."

ಪೆನ್ನಿನ ಮುಚ್ಚಳ ತೆಗೆದು ಅವನು ಕಾದ. ನಾನೇ ಎಂಬ ಮಾತು ನಾಲಗೆ ತುದಿಯವರೆಗೆ ಬಂತು. ಸಂಧ್ಯಾರಾಣಿ ಎಂಬುದೂ ಬಂತು. ಆ ಪೆನ್ನಿನ ಮೇಲೆ ಎಂಥ ಆಸೆ!

"ದುಂಡಗೈತೆ, ನೋಡ್ಕಳ್ರಿ" ಎಂದು ಕರಿಯಕ್ಕನ ಹಸುವಿನ ಹಗ್ಗ ಹಿಡಿದು ನಡೆದರು.

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಬೈಕು ಸಂಧ್ಯಾರಾಣಿಯ ಹಿಂದೆಯೇ ನಿಧಾನಕ್ಕೆ ಬರುತ್ತಿತ್ತು. ಎದೆಯೊಳಗೆ ಅದೇ ಹಳೆಯ ಉರಿ ಚುರ್ರೆಂದಿತು. ಷಣ್ಮುಖಪ್ಪ ಶಿವನ ಹೆಸರು ಹೇಳಿ, ಬಾಯಿ ಮುಚ್ಚಿಕೊಂಡು, ಹಸುವನ್ನು ಮುಂದಕ್ಕೆ ಹೊಡೆದರು.