ಎದುರಿನವರ ಮುಷ್ಟಿ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಗಲ್ಫಿನ ಫರ್ವಾನಿಯಾದ ಒಂದು ಹೋಟೆಲಿನಲ್ಲಿ, ಊಟ ಬರುವವರೆಗೆ ಗಿರಾಕಿಗಳಿಗೆ ಬೇಸರವಾಗದಂತೆ ಮೇಜಿನ ಬಳಿ ಜಾದು ಮಾಡುತ್ತಿದ್ದವನು ಯಶೋಧರ. ಹೆಸರಿಗೆ ವೇಟರ್, ಕೈಚಳಕದಲ್ಲಿ ಮಹಾರಾಜ. ಆ ಮಹಾರಾಜನ ಹೊಟ್ಟೆಯಲ್ಲಿ ಈಗ ಕಿಚ್ಚು. ಹಚ್ಚಿದವನು ಹೊರಗಿನವನಲ್ಲ, ಹೆಂಡತಿ ಪುಷ್ಪಾವತಿಯ ತಮ್ಮ ಲೋಕನಾಥ. ಅವನಿಗೆ ವೀಸಾ ಕೊಡಿಸಿ ವಿದ್ಯೆ ಕಲಿಸಿದವನೂ ಯಶೋಧರನೇ.

"ಹೋಟೆಲಿನ ಜಾದು ಸಣ್ಣದಿರ್ಬೇಕು ಮಾರಾಯ. ಜೇಬಿನಲ್ಲಿ ಹಿಡಿಯುವಂಥದ್ದು. ಬೆಂಕಿ ಬೇಡ. ಇಸ್ಪೀಟು ತೆಗೆದ್ರೆ ಇಲ್ಲಿಯವರು ಜೂಜು ಅಂತ ಮುಖ ತಿರುಗಿಸ್ತಾರೆ. ಬಿರಿಯಾನಿ ಬರುವುದ್ರೊಳಗೆ ಮುಗೀಬೇಕು," ಎಂದು ಕಲಿಸುವಾಗ ಯಶೋಧರ ಹೇಳಿದ್ದ.

ಎಲ್ಲಕ್ಕಿಂತ ಒಳ್ಳೆಯದು ಕೆಂಪು ಸ್ಪಂಜಿನ ಉಂಡೆ. ಒಂದು ಜಾದುಗಾರನ ಮುಷ್ಟಿಯಲ್ಲಿ, ಇನ್ನೊಂದು ಗಿರಾಕಿಯ ಮುಷ್ಟಿಯಲ್ಲಿ. ಜಾದುಗಾರನದು ಮಾಯವಾಗಿ, ಗಿರಾಕಿ ಮುಷ್ಟಿ ಬಿಚ್ಚಿದರೆ ಎರಡೂ ಅಲ್ಲೇ! ತನ್ನ ಕೈಯೊಳಗೇ ನಡೆದ ಸೋಜಿಗವನ್ನು ಯಾರೂ ಮರೆಯುವುದಿಲ್ಲ.

ಲೋಕನಾಥ ಕಲಿತ, ಕಲಿತು ನಗುನಗುತ್ತಲೇ ಗುರುವನ್ನು ಮೀರಿಸಿದ. ಗಂಡಸರು ಕೂರುವ ಹಾಲ್‌ನಲ್ಲಿ ಎಲ್ಲರೂ ಆ ಹೊಸಬನನ್ನೇ ಕೇಳತೊಡಗಿದರು. ಪಕ್ಕದ ಮೇಜಿನ ಎಂಜಲು ತಟ್ಟೆ ಎತ್ತುತ್ತ ಯಶೋಧರ ಅದನ್ನೆಲ್ಲ ಕೇಳಿಸಿಕೊಳ್ಳಬೇಕಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಮೋರಿಸ್ ಇಬ್ಬರನ್ನೂ ಕರೆದು ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಧಣಿಯ, ಸುದ್ದಿ ಹೇಳಿದ. "ಕಫೀಲ್ ಸಲ್ವಾದಲ್ಲಿ ಹೊಸ ಹೋಟೆಲ್ ತೆರೀತಾರೆ. ಜಾದುವಿಗೆ ಒಬ್ಬನೇ ಸಾಕಂತೆ. ಮನೆ ಕೊಡ್ತಾರೆ, ಹೆಂಡತಿಗೆ ವೀಸಾ ಉಂಟು. ಶುಕ್ರವಾರ ಮಧ್ಯಾಹ್ನ ಅವರೇ ನೋಡ್ಲಿಕ್ಕೆ ಬರ್ತಾರೆ."

"ಭಾವನಿಗೇ ಆಗ್ಲಿ ಸರ್," ಎಂದ ಲೋಕನಾಥ.

"ಅದು ನೀನು ಹೇಳೂದಲ್ಲ, ಅವರು ಹೇಳೂದು."

ಮದುವೆಯಾದಾಗಿನಿಂದ ಪುಷ್ಪಾವತಿ ಊರಿನಲ್ಲಿ, ಇವನು ಇಲ್ಲಿ. ಅವಳನ್ನು ಕರೆಸಿಕೊಳ್ಳಲು ಇದ್ದ ದಾರಿ ಇದೊಂದೇ. ಅದನ್ನು ಈ ನಿನ್ನೆಮೊನ್ನೆಯವನು ಭಿಕ್ಷೆ ಹಾಕಿದಂತೆ ಬಿಟ್ಟುಕೊಡುತ್ತಾನಲ್ಲ ಎಂದು ಯಶೋಧರನ ಮೈ ಉರಿಯಿತು.

ಶುಕ್ರವಾರ ಕಫೀಲ್ ತನ್ನ ತಮ್ಮನ ಸಂಸಾರದೊಂದಿಗೆ ಬಂದು ಪರದೆ ಹಾಕಿದ ಫ್ಯಾಮಿಲಿ ರೂಮಿನಲ್ಲಿ ಕುಳಿತ. ಆ ರೂಮುಗಳು ಯಶೋಧರನ ಪಾಲಿನವು, ಲೋಕನಾಥ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಉಂಡೆಯನ್ನು ಗಂಡನ ಕೈಗೋ ಮಗುವಿನ ಕೈಗೋ ಕೊಡಬೇಕು, ಹೆಂಗಸಿನ ಉಗುರೂ ಸೋಕಬಾರದು. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಯಶೋಧರ ಭಾವಮೈದುನನ ಕಾಲರು ಸರಿಮಾಡಿದ. "ಮೊದಲು ನೀನು ಹೋಗು. ಉಂಡೆ ಆ ಅಮ್ಮನ ಕೈಯಲ್ಲಿಡು. ಬೆರಳು ನೀನೇ ಮಡಚು. ಹೆಂಗಸರು ಖುಷಿಯಾದ್ರೆ ಗೆದ್ದ ಹಾಗೇ."

ಇಂಥ ಮಾತಾಡುವ ನಾಲಿಗೆ ಸೇದಿಹೋಗಬಾರದೇ? ಹೋಗಲಿಲ್ಲ. ಲೋಕನಾಥ ತಲೆಯಾಡಿಸಿ ಪರದೆ ಸರಿಸಿದ.

ಮೊದಲು ಕೇಳಿದ್ದು ಹೆಂಗಸಿನ ಚೀತ್ಕಾರ. ಆಮೇಲೆ ಏಟು, ಒಂದರ ಮೇಲೊಂದು. ಕಫೀಲನ ತಮ್ಮ ಲೋಕನಾಥನ ಕುತ್ತಿಗೆಪಟ್ಟಿ ಹಿಡಿದು ಹೊರಗೆ ಹಾಲ್‌ಗೆ ಎಳೆತಂದ. "ಖಲಾಸ್!" ಎಂದು ಕಫೀಲ್ ಗುಡುಗಿದ. ಯಶೋಧರ ಒಳಗೆ ಹೋಗಿ ಕೈಮುಗಿದ, ಅಳುತ್ತಿದ್ದ ಮಗುವಿನ ಮುಷ್ಟಿಯಲ್ಲಿ ಉಂಡೆಯಿಟ್ಟು ನಗಿಸಿದ. ಸಲ್ವಾದ ಕೆಲಸ ಅಲ್ಲೇ ಗಟ್ಟಿಯಾಯಿತು.

"ಯಾರು ನಿನಗೆ ಹೀಗೆ ಮಾಡ್ಲಿಕ್ಕೆ ಹೇಳಿದ್ದು?" ಎಂದು ಮೋರಿಸ್ ಕೇಳಿದಾಗ ಲೋಕನಾಥ, "ನಾನೇ ಸರ್," ಎಂದ.

ಮರುದಿನವೇ ಅವನನ್ನು ವಿಮಾನ ಹತ್ತಿಸುವ ಏರ್ಪಾಡಾಯಿತು. ಕಾರಿನ ಹಿಂದಿನ ಸೀಟಿನಲ್ಲಿ ಭಾವ, ಭಾವಮೈದುನ ಇಬ್ಬರೇ.

"ಭಾವ, ಹೀಗಾಗ್ತದೆ ಅಂತ ನಿಮ್ಗೂ ಗೊತ್ತಿರ್ಲಿಲ್ಲ ಅಲ್ವಾ?"

"ಇಲ್ಲ ಮಾರಾಯ."

"ಅಕ್ಕನಿಗೆ ಎಂತ ಹೇಳ್ಲಿ?"

"ಭಾವ ಬೇಡ ಅಂದ್ರು, ನಾನೇ ಕೇಳ್ಲಿಲ್ಲ ಅಂತ ಹೇಳು."

ಲೋಕನಾಥ ಅವನನ್ನೇ ನೋಡಿದ. ಕಣ್ಣಲ್ಲಿದ್ದ ನಂಬಿಕೆ ಆರಿಹೋದದ್ದು ಯಶೋಧರನಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ಲೋಕನಾಥ ತಲೆ ತಗ್ಗಿಸಿ ಪಾಠದಂತೆ ಒಪ್ಪಿಸಿದ: "ಭಾವ ಬೇಡ ಅಂದ್ರು. ನಾನೇ ಕೇಳ್ಲಿಲ್ಲ."

"ಹಾಗಲ್ಲ. ತಲೆ ಎತ್ತಿ, ಸ್ವಲ್ಪ ನಗ್ತಾ ಹೇಳ್ಬೇಕು. ಆಗ ಅವಳು ನಂಬ್ತಾಳೆ."

ಲೋಕನಾಥ ಬಾತ ತುಟಿಯಲ್ಲೇ ನಕ್ಕು, ಇನ್ನೊಮ್ಮೆ ಹೇಳಿದ.