ಶನಿವಾರ ಐದಕ್ಕೆ ನಗೆಡಬ್ಬಿ

೧

ಈ ಕಥೆಯನ್ನು ಎಲ್ಲಿಂದ ಹಿಡಿಯಬೇಕು ಅಂತ ನಾಲ್ಕು ಸಲ ಕೂತು ಬರೆದೆ, ನಾಲ್ಕನ್ನೂ ಹೊಡೆದು ಹಾಕಿದೆ. ಮೊದಲನೆಯದರಲ್ಲಿ ಸೂರ್ಯ ಮುಳುಗುತ್ತಿದ್ದ (ಪಾಪ, ಕಥೆಗಾರರ ಕೈಗೆ ಸಿಕ್ಕಿ ಅವನಿಗೂ ಬೇರೆ ಕೆಲಸ ಇಲ್ಲ). ಎರಡನೆಯದರಲ್ಲಿ ಫೋನು ಹೊಡೆದುಕೊಂಡಿತು. ಮೂರನೆಯದು ಬಹಳ ಚೆನ್ನಾಗಿ ಬಂತು, ಅದಕ್ಕೇ ಅನುಮಾನವಾಗಿ ಅಳಿಸಿದೆ. ನಾಲ್ಕನೆಯದನ್ನು ಓದಿ ನನ್ನ ಹೆಂಡತಿ "ಹೂಂ" ಅಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯಿತು, ಆ "ಹೂಂ" ಏನು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಓದುಗರೇ, ಸುತ್ತಿ ಬಳಸೋದು ಬೇಡ. ಒಬ್ಬಳು ಹೆಂಗಸಿದ್ದಾಳೆ, ವಯಸ್ಸು ಐವತ್ತೆರಡು. ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಒಂದು ಊರಿನ ಪತ್ರಿಕೆಯಲ್ಲಿ 'ವಾರಾಂತ್ಯಕ್ಕೆ ಏನೇನಿದೆ' ಅನ್ನೋ ಪುಟ ಮಾಡುತ್ತಾಳೆ. ಆಫೀಸಿನಲ್ಲಿ ಎಲ್ಲರಿಗೂ ಅವಳು ವೀಕೆಂಡ್ ಮೇಡಂ. ಊರಿಗೆಲ್ಲ ವೀಕೆಂಡ್ ಹಂಚಿ ತನಗೆ ಅಂತ ಒಂದನ್ನೂ ಉಳಿಸಿಕೊಳ್ಳದವಳು. (ಮೇಡಂ ಅಂತ ಕರೆದು 'ಅವಳು' ಅನ್ನೋದು ಮರ್ಯಾದೆ ಅಲ್ಲ, ಗೊತ್ತು. ನಾನೇ ಹುಟ್ಟಿಸಿದವಳು, ಅಷ್ಟು ಸಲಿಗೆ ಇರಲಿ.)

ಪುಟದಲ್ಲಿ ಮೂರು ಕಾಲಂ. ಸಂಗೀತ, ಹಾಸ್ಯ, ಮನೆಮಂದಿಗೆಲ್ಲ. ಕೊಳಲು ಶಾಲೆಯ ವಾರ್ಷಿಕ ಕಛೇರಿ, ಬ್ಯಾಂಕ್ ನೌಕರರ ವಾದ್ಯಗೋಷ್ಠಿ, ಜೇಡಿಮಣ್ಣಿನಲ್ಲಿ ಆನೆ ಮಾಡುವ ಶಿಬಿರ (ಹಳೇ ಬಟ್ಟೆ ಹಾಕಿಕೊಂಡು ಬರತಕ್ಕದ್ದು). ಅವಳು ಯಾವ ವಾರವೂ ಖಾಲಿ ಪುಟ ತೆರೆಯುವುದಿಲ್ಲ. ಹೋದ ವರ್ಷದ ಇದೇ ವಾರದ ಪುಟ ತೆಗೆದು ಅದರ ಮೇಲೇ ತಿದ್ದುತ್ತಾ ಹೋಗುತ್ತಾಳೆ. ಸೋಮಾರಿತನ ಅನ್ನಬೇಡಿ, ಅನುಭವ ಅದು. ಕೊಳಲು ಶಾಲೆಯವರಿಗೆ ಪ್ರತಿ ವರ್ಷ ಇದೇ ವಾರ, ಇದೇ ಹಾಲ್, ಇದೇ ಅಧ್ಯಕ್ಷರು, ಇದೇ ಅಧ್ಯಕ್ಷರ ಇದೇ ಭಾಷಣ. ಅಳಿಯ ಅಲ್ಲ ಮಗಳ ಗಂಡ. ಪುಟದ ತಲೆಯ ಮೇಲೆ ದಿನಾಂಕ ಬದಲಾಯಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

೨

ಗುರುವಾರ ಮಧ್ಯಾಹ್ನ ಹೀಗೇ ತಿದ್ದುತ್ತಾ ಅವಳು ಎರಡನೇ ಕಾಲಮಿನ ತುದಿಗೆ ಬಂದಿದ್ದಳು. ಆಗ ಕೊಳಲು ಮೇಷ್ಟ್ರ ಫೋನು ಬಂತು. ತಮ್ಮ ಹೆಸರಿನ ಹಿಂದೆ 'ಹಿರಿಯ ಕಲಾವಿದ' ಅಂತ ಹಾಕಿದ್ದೀರೋ ಬರೀ 'ಕಲಾವಿದ' ಅಂತ ಹಾಕಿದ್ದೀರೋ ಅಂತ ಹದಿನೆಂಟು ನಿಮಿಷ ವಿಚಾರಿಸಿದರು. ಫೋನಿಟ್ಟು ತಿರುಗಿದಾಗ ಅವಳ ಕಣ್ಣು ಸೀದಾ ಮೂರನೇ ಕಾಲಮಿಗೆ ಹೋಯಿತು. ಎರಡನೆಯದರ ಕೊನೆಯಲ್ಲಿ ಹೋದ ವರ್ಷದ ಸಾಲುಗಳು ಹೇಗಿದ್ದವೋ ಹಾಗೇ ಅಚ್ಚಿಗೆ ಹೋದವು:

ನಗೆಸಂಜೆ. 'ನಗೆಡಬ್ಬಿ' ಅವರಿಂದ. ಗ್ರಂಥಾಲಯದ ಮಹಡಿ ಹಾಲ್. ಶನಿವಾರ ಸಂಜೆ ಐದಕ್ಕೆ. ಎಲ್ಲರಿಗೂ ಸ್ವಾಗತ.

ನಗೆಡಬ್ಬಿ ಅನ್ನೋದು ಅವಳ ಒಡಹುಟ್ಟಿದ ಅಣ್ಣ. ಅವನು ವೇದಿಕೆ ಹತ್ತಿ ಒಂದು ವರ್ಷ ಆಗಿದೆ. ಇನ್ನು ಹತ್ತುವುದೂ ಇಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳಿಲ್ಲ ಅಷ್ಟೇ.

(ಇಲ್ಲಿ ನಾನು ಒಂದು ಸಾಲು ಬರೆದಿದ್ದೆ: 'ಅವಳ ಒಳಮನಸ್ಸು ಬೇಕೆಂದೇ ಆ ಸಾಲುಗಳನ್ನು ಉಳಿಸಿತು.' ಬರೆದು ಟೀ ಕುಡಿಯೋಣ ಅಂತ ಏಳುತ್ತಿದ್ದೆ.)

"ಅಳಿಸಿ ಅದನ್ನ," ಅಂದಳು ಅವಳು.

"ಯಾಕೆ ಮೇಡಂ? ಕಥೆಗೆ ಆಳ ಬರುತ್ತೆ."

"ಆಳಕ್ಕೆ ನೀವು ಇಳೀರಿ, ನಂಗೆ ಈಜು ಬರಲ್ಲ. ಸುಸ್ತಾಗಿತ್ತು, ಕಣ್ತಪ್ಪಿ ಹೋಯ್ತು. ಇಪ್ಪತ್ತಾರು ವರ್ಷದಿಂದ ಇದೇ ಪುಟ ತಿದ್ದುತಾ ಇದೀನಿ. ಸುಸ್ತಾದೋರು ತಪ್ಪು ಮಾಡಿದ್ರೆ ಅದು ಬರೀ ತಪ್ಪು ಆಗಿರಬಾರದಾ? ಎಲ್ಲದಕ್ಕೂ ಒಳಗೊಂದು, ಹೊರಗೊಂದು ಇರಲೇಬೇಕಾ?"

ಅಳಿಸಿದೆ. ನನಗೂ ಸುಸ್ತಾಗಿದೆ, ವಾದ ಮಾಡುವ ಶಕ್ತಿ ಇಲ್ಲ.

೩

ಹೋದ ವರ್ಷ ಏನಾಯಿತು ಅಂತ ಹೇಳದೆ ಮುಂದೆ ಹೋದರೆ ನೀವು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಅಣ್ಣ ಮೂವತ್ತು ವರ್ಷದಿಂದ ಒಂದೇ ಐಟಂ ಮೇಲೆ ಬದುಕಿದ ಕಲಾವಿದ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಗುಮಾಸ್ತನದ್ದೇ ವೇಷ. ಮೂಗಿನ ತುದಿಗೆ ಕನ್ನಡಕ, ಕೈಯಲ್ಲಿ ರಬ್ಬರ್ ಸೀಲು. ಜನ ಒಬ್ಬೊಬ್ಬರಾಗಿ ಬರುತ್ತಾರೆ (ಎಲ್ಲರ ದನಿಯೂ ಅವನದೇ): ಹುಟ್ಟಿದ ಸರ್ಟಿಫಿಕೇಟು ಬೇಕಾದವರು, ಸತ್ತ ಸರ್ಟಿಫಿಕೇಟು ಬೇಕಾದವರು, ಬದುಕಿದ್ದೀನಿ ಅಂತ ಬರೆಸಿಕೊಳ್ಳೋಕೆ ಬಂದ ಪೆನ್ಷನ್ ಅಜ್ಜ. ಗುಮಾಸ್ತ ಎಲ್ಲರಿಗೂ ಒಂದೇ ಮಾತು ಹೇಳುತ್ತಾನೆ: "ಅದು ಇಲ್ಲಲ್ಲ ಸ್ವಾಮಿ, ಕೌಂಟರ್ ನಂಬರ್ ಏಳು." ಆ ಕಚೇರಿಯಲ್ಲಿ ಇರೋದೇ ಆರು ಕೌಂಟರು. ಅಷ್ಟೇ ಜೋಕು. ಊರು ಮೂವತ್ತು ವರ್ಷ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಹೋದ ವರ್ಷ, ಇದೇ ಹಾಲಿನಲ್ಲಿ, ಪೆನ್ಷನ್ ಅಜ್ಜನ ಸರದಿ ಬಂದಾಗ ಅಣ್ಣ "ಅದು ಇಲ್ಲಲ್ಲ ಸ್ವಾಮಿ, ಕೌಂಟರ್ ನಂಬರ್..." ಅಂದ. ನಿಂತ. ಮತ್ತೆ "ಕೌಂಟರ್ ನಂಬರ್..." ಅಂದ. ಏಳು ಬರಲಿಲ್ಲ. ಸೀಲನ್ನು ತಿರುಗಿಸಿ ಅದರ ತಳ ನೋಡಿದ, ಅಲ್ಲೇನಾದರೂ ಬರೆದಿರಬಹುದು ಅನ್ನೋ ಹಾಗೆ. ಜನ ಬಿದ್ದು ಬಿದ್ದು ನಕ್ಕರು. ಈ ವರ್ಷ ಹೊಸ ತಿರುವು ತಂದಿದಾನೆ ನೋಡು ಮಾರಾಯ ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಅಣ್ಣ ಮೂರನೇ ಸಾಲಿನ ತುದಿಯ ಕುರ್ಚಿ ಕಡೆ ನೋಡಿದ. ಚಿಕ್ಕಂದಿನಿಂದ ಶಾಲೆಯ ವೇದಿಕೆಯಲ್ಲೂ ಮಾತು ತಪ್ಪಿದಾಗ ಅವನು ನೋಡುತ್ತಿದ್ದದ್ದು ತಂಗಿಯ ಕಡೆಗೇ. ಅವಳಿಗೆ ಅವನ ಎಲ್ಲ ಮಾತೂ ಬಾಯಿಪಾಠ.

ತಂಗಿ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರೋ ಹಾಗೆ ನಗುತ್ತಿದ್ದಳು.

ಅವನು ಕೈಮುಗಿದು ಇಳಿದು ಹೋದ. ಕನ್ನಡಕ, ಸೀಲು ಒಂದು ಡಬ್ಬಿಗೆ ಹೋಯಿತು, ಡಬ್ಬಿ ಅಟ್ಟಕ್ಕೆ ಹೋಯಿತು. ಡಾಕ್ಟರು ವಯಸ್ಸು ಅಂದರು. ಅವಳಿಗೆ ಈ ಒಂದು ವರ್ಷದಲ್ಲಿ ನೆಟ್ಟಗೆ ನಿದ್ದೆ ಬಂದಿಲ್ಲ.

೪

ಶುಕ್ರವಾರ ಬೆಳಗ್ಗೆ. ಅಣ್ಣ ಕೆಳಗಿನ ಮನೆಯಲ್ಲಿರುತ್ತಾನೆ, ತಂಗಿ ಮೇಲಿನ ಮನೆಯಲ್ಲಿ. ಅವಳ ಪುಟವನ್ನು ಪೆನ್ನು ಹಿಡಿದು ಓದೋದು ಅವನ ಹಳೇ ಚಾಳಿ. ತಪ್ಪು ಸಿಕ್ಕಿದರೆ ಮೆಟ್ಟಿಲು ಹತ್ತಿ ಬಂದು ತೋರಿಸದಿದ್ದರೆ ಅವನಿಗೆ ತಿಂಡಿ ಸೇರುವುದಿಲ್ಲ. ಆವತ್ತೂ ಬಂದ. ಒಂದು ಕಡೆ ಗೆರೆ ಎಳೆದಿದ್ದ.

"ನಾಳೆ ಐದಕ್ಕೆ ನಂದೊಂದು ಕಾರ್ಯಕ್ರಮ ಇದೆಯಂತೆ," ಅಂದ. "ನಿಂಗೇನಾದ್ರೂ ಗೊತ್ತಿತ್ತಾ?"

ಅವಳು ಪೇಪರ್ ಕಿತ್ತುಕೊಂಡು ನೋಡಿದಳು. "ಅಯ್ಯೋ ದೇವರೇ! ಅಣ್ಣಾ, ಕಣ್ತಪ್ಪಿ ಹೋಗಿದೆ ಕಣೋ. ಇವತ್ತೇ ಆಫೀಸಿಗೆ ಹೋಗಿ ತಿದ್ದುಪಡಿ ಹಾಕಿಸ್ತೀನಿ."

"ಏನಂತ?"

"ನಗೆಡಬ್ಬಿ ಕಾರ್ಯಕ್ರಮ ಇರೋದಿಲ್ಲ ಅಂತ."

"ಚೆನ್ನಾಗಿದೆ. ಅಂದ್ರೆ ಇಷ್ಟು ದಿನ ಮನೆಯವರಿಗಷ್ಟೇ ಗೊತ್ತಿದ್ದಿದ್ದು ನಾಳೆ ಊರೆಲ್ಲ ಓದಬೇಕು." ಅವನು ಕುರ್ಚಿ ಎಳೆದು ಕೂತ. "ಬೇಡ ಬಿಡು. ಯಾರು ಬರ್ತಾರೆ ಅಂತ ಇದ್ದೀಯ?"

೫

ಅವಳು ಗ್ರಂಥಾಲಯಕ್ಕೆ ಫೋನ್ ಮಾಡಿದಳು. ಹಾಲ್ ನೋಡಿಕೊಳ್ಳುವವನು ಸಂತೋಷವಾಗಿದ್ದ. "ರಿಜಿಸ್ಟರಲ್ಲಿ ನಿಮ್ಮ ಬುಕಿಂಗ್ ಇಲ್ಲ ಮೇಡಂ. ಆದ್ರೆ ಪೇಪರಲ್ಲಿ ಬಂದಿದೆಯಲ್ಲ, ಅದಕ್ಕೇ ಬೆಳಗ್ಗೇನೇ ಗುಡಿಸಿ ಕುರ್ಚಿ ಹಾಕ್ಸಿದೀನಿ. ಮೈಕ್ ಒಂದೋ ಎರಡೋ?"

ನೋಡಿ, ಸುಳ್ಳಿಗೂ ಅಚ್ಚಾದ ಮೇಲೆ ಕಾಲು ಬರುತ್ತದೆ. ಬಾಗಿಲಲ್ಲಿ ತಾನೇ ನಿಂತು ಬಂದವರನ್ನು ಕ್ಷಮೆ ಕೇಳಿ ವಾಪಸ್ ಕಳಿಸುವುದು ಅಂತ ಅವಳು ತೀರ್ಮಾನ ಮಾಡಿದಳು.

"ನಾನೂ ಬರ್ತೀನಿ," ಅಂದ ಅಣ್ಣ.

"ನೀನ್ಯಾಕೆ?"

"ನನ್ನ ಕಾರ್ಯಕ್ರಮ ಕಣೇ. ನಾನೇ ಹೋಗದಿದ್ರೆ ಚೆನ್ನಾಗಿರುತ್ತಾ?"

ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ತಿರುಗದೆಯೇ, "ಹೋದ ಸಲ ನೀನೂ ನಕ್ಕೆ," ಅಂದ. ಬೈಗುಳದ ಹಾಗೆ ಅಲ್ಲ, ಪೇಪರಿನಲ್ಲಿ ತಪ್ಪು ತೋರಿಸುವಾಗ ಹೇಗೆ ಹೇಳುತ್ತಾನೋ ಹಾಗೆ. ಅವಳು ಕೈಯಲ್ಲಿದ್ದ ಲೋಟ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

೬

ಈಗ ಅಂತ್ಯಗಳು. ನನ್ನ ಹತ್ತಿರ ಸ್ಟಾಕ್ ಇದೆ.

ಅಂತ್ಯ ಅ: ಹಾಲ್ ತುಂಬಿ ತುಳುಕುತ್ತದೆ. ಅಣ್ಣ ವೇದಿಕೆ ಹತ್ತುತ್ತಾನೆ, "ಏಳು!" ಅನ್ನುತ್ತಾನೆ, ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ.

"ಥೂ," ಅಂದಳು ಅವಳು. "ಎಷ್ಟು ಮುದುಕರನ್ನ ಹೀಗೆ ಎತ್ತಿ ನಿಲ್ಲಿಸ್ತೀರಿ ನೀವು?"

ಅಂತ್ಯ ಆ: ಒಂದು ನರಪಿಳ್ಳೆಯೂ ಬರುವುದಿಲ್ಲ. ಖಾಲಿ ಕುರ್ಚಿಗಳ ನಡುವೆ ಅಣ್ಣ ತಂಗಿ.

"ಇದು ಬರೀ ನಿಮ್ಮ ಸೋಮಾರಿತನ. ಜನರನ್ನ ಬರೆಯೋಕೆ ಬೇಜಾರು, ಖಾಲಿ ಕುರ್ಚಿ ಹಾಕಿಬಿಡ್ತೀರಿ."

ಅಂತ್ಯ ಇ: ಬೆಳಗ್ಗೆಯೇ ಅವಳು ಅಣ್ಣನ ಕಾಲು ಹಿಡಿದು "ತಪ್ಪಾಯ್ತು" ಅಂತ ಅಳುತ್ತಾಳೆ.

ಇದಕ್ಕೆ ಅವಳು ಮೆಲ್ಲಗೆ ಅಂದಳು: "ಇದನ್ನ ವರ್ಷದಿಂದ ದಿನಾ ಮೆಟ್ಟಿಲ ತನಕ ತಗೊಂಡು ಹೋಗಿ ವಾಪಸ್ ತಂದಿದೀನಿ. ಬಾಯಿಗೆ ಬರಲ್ಲ. ಬಂದಿದ್ರೆ ನಿಮ್ಮ ಕಥೆ ಯಾಕೆ ಬೇಕಿತ್ತು?"

ಮೂರನ್ನೂ ಹರಿದು ಹಾಕಿದೆ.

(ಈ ಭಾಗದ ನಂಬರ್ ಹೊಳೆಯುತ್ತಿಲ್ಲ)

ಶನಿವಾರ ಐದು ಗಂಟೆಗೆ ಬಂದವರು ಹನ್ನೊಂದು ಜನ. ಅವಳು ಬಾಗಿಲಲ್ಲಿ ನಿಂತು "ಕ್ಷಮಿಸಿ, ಪೇಪರಲ್ಲಿ ತಪ್ಪಾಗಿದೆ" ಅಂತ ಎಲ್ಲರಿಗೂ ಹೇಳಿದಳು. ಎಲ್ಲರೂ "ಪರವಾಗಿಲ್ಲ ಬಿಡಿ" ಅಂದು ಒಳಗೇ ಹೋಗಿ ಕೂತರು. ಆಚೆ ಬಿಸಿಲಿತ್ತು, ಒಳಗೆ ಫ್ಯಾನಿತ್ತು. ಕೆಳಗಿನ ಹಾಲಿನಲ್ಲಿ ನಡೆದ ಆನೆ ಶಿಬಿರ ಮುಗಿಸಿಕೊಂಡು ಒಬ್ಬ ತಾಯಿ, ಮಗಳು ಬಂದರು. ಮಗಳ ಕೈಯಲ್ಲಿ ಸೊಂಡಿಲು ಮುರಿದ ಜೇಡಿಮಣ್ಣಿನ ಆನೆ.

ಅಣ್ಣ ವೇದಿಕೆ ಕಡೆ ಕಣ್ಣೂ ಹಾಯಿಸಲಿಲ್ಲ. ಜನರ ನಡುವೆ, ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂತ. ಹೋದ ವರ್ಷ ತಂಗಿ ಕೂತಿದ್ದ ಕುರ್ಚಿ ಅದು. (ಆಣೆ ಮಾಡಿ ಹೇಳುತ್ತೇನೆ, ನಾನು ಕೂರಿಸಿದ್ದಲ್ಲ.) ಹತ್ತು ನಿಮಿಷ ಎಲ್ಲರೂ ಖಾಲಿ ಮೈಕನ್ನು ನೋಡಿದರು. ಪಕ್ಕದ ಹುಡುಗಿಗೆ ತಡೆಯಲಾಗಲಿಲ್ಲ.

"ತಾತ, ಯಾವಾಗ ಶುರುವಾಗುತ್ತೆ?"

"ನಾನೂ ಅದಕ್ಕೇ ಕಾಯ್ತಾ ಇದೀನಮ್ಮ," ಅಂದ ಅಣ್ಣ. "ಈ ಕಲಾವಿದರೆಲ್ಲ ಹೀಗೇ. ಹೇಳೋದು ಐದಕ್ಕೆ, ಬರೋದು ಬಂದಾಗ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಬಿಡಲಿಲ್ಲ.

"ನನ್ನ ಆನೆ ಸೊಂಡಿಲು ಮುರಿದಿದೆ. ಇಲ್ಲಿ ಸರಿ ಮಾಡ್ತಾರಾ?"

ಅಣ್ಣ ಆನೆಯನ್ನು ಕೈಗೆ ತಗೊಂಡ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿಂದ ಅವಳನ್ನು ನೋಡಿದ. ಬಾಗಿಲಲ್ಲಿದ್ದ ತಂಗಿ ಆ ಕನ್ನಡಕವನ್ನು ಗುರುತು ಹಿಡಿದಳು.

"ಅದು ಇಲ್ಲಲ್ಲ ತಾಯಿ," ಅಂದ. "ಕೌಂಟರ್ ನಂಬರ್..."

ನಿಂತ.

ಹಾಲಿನಲ್ಲಿ ಫ್ಯಾನಿನ ಸದ್ದು. ಅಣ್ಣ ಆನೆಯನ್ನು ತಿರುಗಿಸಿ ಅದರ ತಳ ನೋಡಿದ. ಹನ್ನೊಂದು ಜನ ಒಟ್ಟಿಗೆ ನಕ್ಕರು, ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅಣ್ಣ ಕತ್ತು ಹೊರಳಿಸಿ ಬಾಗಿಲ ಕಡೆಗೆ, ತಂಗಿಯ ಕಡೆಗೆ ನೋಡಿದ.

ಅವನು ಬೇಕಂತ ನಿಲ್ಲಿಸಿದನೋ, ನಿಜವಾಗಿ ಮರೆತನೋ? ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಬೇಕಂತ ನಿಲ್ಲಿಸಿದ್ದರೆ ಅವಳು ನಗಬೇಕು, ನಗದಿದ್ದರೆ ಅವನ ಕಥೆ ಮುಗಿಯಿತು. ಮರೆತಿದ್ದರೆ ಅವಳು ನಗಕೂಡದು, ನಕ್ಕರೆ ಮತ್ತೆ ಹೋದ ವರ್ಷವೇ. ಏಳು ಅನ್ನೋ ಮಾತು ಅವಳ ನಾಲಗೆಯ ತುದಿಯಲ್ಲೇ ಇದೆ. ಹೇಳಿಕೊಟ್ಟರೆ ಜೋಕು ಕೆಡಬಹುದು, ಹೇಳಿಕೊಡದಿದ್ದರೆ ಅಣ್ಣ ಕೆಡಬಹುದು.

ನಾನು ಅವಳ ಮುಖ ಬರೆಯೋಕೆ ಪೆನ್ನು ಎತ್ತಿದೆ. ಮೂರು ಥರ ಯೋಚನೆ ಮಾಡಿಟ್ಟಿದ್ದೆ, ಮೂರೂ ಚೆನ್ನಾಗಿದ್ದವು.

"ಬೇಡ," ಅಂದಳು.

"ಮೇಡಂ, ಓದುಗರು ಕಾಯ್ತಿದಾರೆ."

"ಅವರಿಗೆ ವಾರ ವಾರ ಒಂದು ಪುಟ ಕೊಡ್ತೀನಿ, ಸಾಲದಾ? ಇದು ಅವನಿಗೆ. ಅವನು ನೋಡ್ಲಿ. ನೀವು ಆ ಕಡೆ ತಿರುಗಿ."

ತಿರುಗಿದೆ. ಓದುಗರೇ, ನೀವೂ ತಿರುಗಿ.