ಇದೊಂದು ಚೆಂಡು ಮುಗಿಯಲಿ

ಬ್ಯಾಟಿನ ಅಂಚನ್ನು ಸವರಿದ ಚೆಂಡು ನನ್ನ ತಲೆಯ ಮೇಲಿಂದ ಹಿಂದಕ್ಕೆ ಹಾರಿ, ಮೈದಾನದ ಕಲ್ಲುಗೋಡೆಗೆ ಬಡಿದು, ಧೂಳಿನಲ್ಲಿ ಉರುಳಿ ನಿಲ್ಲುತ್ತದೆ. ಎತ್ತಿ ತರುತ್ತೇನೆ. ಮತ್ತೆ ಹಾರುತ್ತದೆ. ಕಣ್ಣು ಮುಚ್ಚಿದರೆ ಈಗಲೂ ಇದೇ ಕಾಣುತ್ತದೆ.

ನಾನು ನಮ್ಮ ಕಾಲೇಜಿನ ಸಾಫ್ಟ್‌ಬಾಲ್ ತಂಡದ ಕ್ಯಾಚರ್ ಆಗಿದ್ದೆ. ಬ್ಯಾಟು ಹಿಡಿದವಳ ಬೆನ್ನ ಹಿಂದೆಯೇ ಕುಕ್ಕರಗಾಲಿನಲ್ಲಿ ಕೂರುವ ಕೆಲಸ. ಅವಳ ಉಸಿರು ಕೂಡ ಕೇಳಿಸುತ್ತದೆ. ಅಂದು ಅಂತಿಮ ಪಂದ್ಯದ ಕೊನೆಯ ಸರದಿ. ಎದುರು ತಂಡ ಒಂದು ಓಟ ಹಿಂದಿತ್ತು. ಬ್ಯಾಟು ಹಿಡಿದು ನಿಂತ ದಾಕ್ಷಾಯಣಿ ಔಟಾದರೆ ಆಟ ನಮ್ಮದು. ಅವಳಿಗಾಗಲೇ ಎರಡು ಸ್ಟ್ರೈಕ್ ಆಗಿದ್ದವು. ಇನ್ನೊಂದು ತಪ್ಪಿದರೆ ಮುಗಿಯಿತು. ಆದರೆ ಚೆಂಡನ್ನು ತಾಗಿಸಿ, ಯಾರ ಕೈಗೂ ಸಿಗದಂತೆ ಗೆರೆಯಾಚೆ ಕಳಿಸಿದರೆ ಅದು ಫೌಲ್. ಆಗ ಔಟೂ ಇಲ್ಲ, ಓಟವೂ ಇಲ್ಲ, ಮತ್ತೊಂದು ಚೆಂಡು. ಕೈಚಳಕ ಇದ್ದವರು ಹಾಗೆ ಎಷ್ಟು ಹೊತ್ತಾದರೂ ನಿಲ್ಲಬಹುದು. ದಾಕ್ಷಾಯಣಿ ನಿಂತಳು.

ಮೊದಮೊದಲು ಚಪ್ಪಾಳೆ ತಟ್ಟಿದ ಜನ ಆಮೇಲೆ ಗೊಣಗತೊಡಗಿದರು. "ಬೇಗ ಆಡ್ರಮ್ಮ, ಬೆಳಕು ಹೋಗ್ತಾ ಇದೆ" ಎಂದರು ಅಂಪೈರ್. ನಮ್ಮ ಕಡೆ ಚೆಂಡು ಹಾಕುತ್ತಿದ್ದ ಗ್ರೇಸಿಯ ತೋಳು ಸೋತುಹೋಗಿತ್ತು. ಅವಳು ಹಾಕಿದ ಒಂದು ಚೆಂಡಂತೂ ನೆಟ್ಟಗೆ, ಮೆತ್ತಗೆ, ಎತ್ತಿ ಹೊಡಿ ಎಂಬಂತೆ ಬಂತು. ದಾಕ್ಷಾಯಣಿ ಅದನ್ನೂ ಕೆಣಕಿ ಗೋಡೆಗೆ ಕಳಿಸಿದಳು.

ಆಗ ನನಗೆ ಅನುಮಾನವಾಯಿತು. "ಯಾಕೇ? ಅದನ್ನ ಹೊಡೀಬಾರ್ದಿತ್ತಾ?" ಎಂದು ಮೆಲ್ಲಗೆ ಕೇಳಿದೆ.

ಅವಳು ತಿರುಗಲಿಲ್ಲ. "ಬೇವಿನ ಮರದ ಕೆಳಗೆ ನಮ್ಮ ಕೋಚ್ ಮೇಡಂ ಜೊತೆ ನಿಂತಿದ್ದಾರಲ್ಲ, ಅವರು ನಮ್ಮ ಚಿಕ್ಕಪ್ಪ" ಎಂದಳು.

"ಆಟ ನೋಡೋಕೆ ಬಂದಿರ್ತಾರೆ."

"ಯಾವತ್ತೂ ಬಂದವರಲ್ಲ. ಕಾಲು ನೋಡು, ಚಪ್ಪಲಿ ಇಲ್ಲ." ಬ್ಯಾಟಿನ ಹಿಡಿ ಬಿಗಿಮಾಡುತ್ತ ಹೇಳಿದಳು: "ಅಕ್ಕನ್ನ ನಿನ್ನೆ ಹೆರಿಗೆಗೆ ಸೇರಿಸಿದ್ರು. ಆಟ ಮುಗಿದ ತಕ್ಷಣ ನನ್ನ ಹತ್ರ ಬರ್ತಾರೆ. ಅವರ ಬಾಯಿಂದ ಅದನ್ನ ಕೇಳಬೇಕು."

ನಾನು ಮುಖವಾಡದ ಜಾಲರಿಯೊಳಗಿಂದ ಆ ಮನುಷ್ಯನನ್ನು ನೋಡಿದೆ. ಧೂಳು ಮೆತ್ತಿದ ಬರಿಗಾಲು. ಪಕ್ಕದಲ್ಲಿ ಅವಳ ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಅಂಪೈರ್ ಬಳಿ ಒಂದು ನಿಮಿಷ ಬಿಡುವು ಕೇಳಿ ಗ್ರೇಸಿಯ ಹತ್ತಿರ ಹೋದೆ.

"ಅವಸರ ಮಾಡಬೇಡ. ನಿಧಾನಕ್ಕೆ ಹಾಕು."

"ಗೆಲ್ಲೋದು ಬೇಡ್ವಾ ನಿನಗೆ?"

"ಗೆಲ್ಲೋಣ. ಸ್ವಲ್ಪ ತಡವಾಗಲಿ."

ಅವಳು ನನ್ನ ಮುಖ ನೋಡಿ ತಲೆಯಾಡಿಸಿದಳು. ನಾನು ಬೂಟಿನ ಲೇಸು ಬಿಚ್ಚಿ ಕಟ್ಟಿದೆ. ಗೋಡೆಯ ಬುಡದಿಂದ ಚೆಂಡು ತರಲು ನಡೆದೇ ಹೋದೆ, ನಡೆದೇ ಬಂದೆ. ಬೈಗುಳ ಕೇಳಿಸಿದರೂ ಒಂದು ಬಗೆಯ ಸಮಾಧಾನವಿತ್ತು. ಸಾವನ್ನು ನಾವು ಮೂವರು ಹುಡುಗಿಯರು ಗೆರೆಯಾಚೆ ನಿಲ್ಲಿಸಿದ್ದೇವೆ ಅನ್ನಿಸಿತ್ತು.

ಕೊನೆಗೆ ದಾಕ್ಷಾಯಣಿಯೇ, "ಸಾಕು, ಪಾಪ, ಆಗಿನಿಂದ ಕಾಯ್ತಿದ್ದಾರೆ" ಎಂದಳು. ಮುಂದಿನ ಚೆಂಡಿಗೆ ಬ್ಯಾಟು ಎತ್ತಲೇ ಇಲ್ಲ. ಅದು ನನ್ನ ಗವಸಿನೊಳಗೆ ಬಂದು ಬಿತ್ತು. ನಮ್ಮವರು ಕೂಗುತ್ತ ಓಡಿಬರುವಾಗ ಅವಳು ಬೇವಿನ ಮರದ ಕಡೆಗೆ ನಡೆಯುತ್ತಿದ್ದಳು.

ಆಮೇಲೆ ಅವಳನ್ನು ಕಂಡದ್ದು ವರ್ಷಗಳ ನಂತರ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ ಕೂತಿದ್ದಳು. ಗುರುತು ಹಿಡಿದವಳು ದಾಕ್ಷಾಯಣಿಯೇ. ಮಾತು ಸುತ್ತಿ ಸುತ್ತಿ ಅಲ್ಲಿಗೇ ಬಂತು.

"ಆವತ್ತು ನೀನು ತಡ ಮಾಡಿದ್ದು ನನಗೆ ಗೊತ್ತಾಗಿತ್ತು" ಎಂದಳು. "ನನಗಾಗಿ ಮಾಡಿದ್ದು ಅಂತಲೂ ಗೊತ್ತು."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ರಸ್ತೆಯನ್ನೇ ನೋಡುತ್ತ ಮುಂದುವರಿಸಿದಳು.

"ಚಿಕ್ಕಪ್ಪ ಬಂದಾಗ ಅಕ್ಕ ಇನ್ನೂ ಬದುಕಿದ್ದಳು ಕಣೇ. ನನ್ನನ್ನ ನೋಡಬೇಕು ಅಂತ ಹಟ ಹಿಡಿದಿದ್ದಳಂತೆ. ಚಪ್ಪಲಿ ವಾರ್ಡಿನ ಬಾಗಿಲಲ್ಲೇ ಬಿಟ್ಟು ಓಡಿಬಂದಿದ್ರು. ಮೇಡಂ, 'ಇದೊಂದು ಚೆಂಡು ಮುಗೀಲಿ, ಕಳಿಸ್ತೀನಿ' ಅಂದರಂತೆ. ಪ್ರತಿ ಚೆಂಡಿಗೂ ಹಾಗೇ ಅಂದುಕೊಂಡು ಇಬ್ಬರೂ ನಿಂತಿದ್ದಾರೆ."

"ಆಸ್ಪತ್ರೆಗೆ...?"

"ನಾವು ಹೋದಾಗ ಮುಖದ ಮೇಲೆ ಬಟ್ಟೆ ಎಳೀತಾ ಇದ್ರು."

ನಾನು ಹಿಡಿದಿದ್ದ ಕೈಯನ್ನು ಅವಳು ಬಿಡಿಸಿಕೊಳ್ಳಲಿಲ್ಲ.

"ಇವಳು ಅಕ್ಕನ ಮಗಳು" ಎಂದಳು ಹುಡುಗಿಯ ತಲೆ ಸವರುತ್ತ. "ನನ್ನನ್ನೇ ಅಮ್ಮ ಅಂತಾಳೆ."

ಅವರ ಬಸ್ಸು ಬಂತು. ಹುಡುಗಿಗೆ ನಿದ್ದೆ ಹತ್ತಿತ್ತು. ದಾಕ್ಷಾಯಣಿ ಅವಳನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಬಸ್ಸು ಹೊರಟಾಗ ಮಗು ಅರೆಗಣ್ಣು ತೆರೆದು, ಯಾರೆಂದೂ ತಿಳಿಯದೆ ನನ್ನತ್ತ ನೋಡಿ, ಮತ್ತೆ ಅವಳ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡಿತು.